ಎಂಟು ಲೋಟ ನೀರು

ನಾನು ಆರೋಗ್ಯದ ಮೇಷ್ಟ್ರಾದದ್ದು ನನ್ನ ಆರೋಗ್ಯ ನೋಡಿ ಯಾರೋ ಮೆಚ್ಚಿದ್ದರಿಂದಲ್ಲ. ನನ್ನ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ತಾಸು ಕಮ್ಮಿ ಬೀಳುತ್ತಿತ್ತು, ಅಷ್ಟೇ. ಅರ್ಥಶಾಸ್ತ್ರ ತೆಗೆದುಕೊಳ್ಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಾನು ಪಾಠ ಮಾಡುವ ರೀತಿಯೂ ಅದಕ್ಕೊಂದು ಕಾರಣವಿರಬಹುದು. ಅದೇ ಹೊತ್ತಿಗೆ ಪದವಿ ತರಗತಿಗಳಿಗೆ ಆರೋಗ್ಯ ಮತ್ತು ಕ್ಷೇಮ ಎನ್ನುವ ಹೊಸ ವಿಷಯ ಬಂತು. ನಮ್ಮ ಕಾಲೇಜಿನಲ್ಲಿ ದೈಹಿಕ ಶಿಕ್ಷಣದವರ ಹುದ್ದೆ ಖಾಲಿ. ಪ್ರಾಂಶುಪಾಲರು ನನ್ನನ್ನು ಕರೆದು ಎದುರಿನ ಕುರ್ಚಿ ತೋರಿಸಿದರು. ನನ್ನ ಹೊಟ್ಟೆ ಮೇಜಿನ ಅಂಚಿಗೆ ತಾಗಿದ್ದನ್ನು ಒಂದು ಸಲ ನೋಡಿ, ಆಮೇಲೆ ಕಿಟಕಿಯ ಕಡೆ ನೋಡುತ್ತಾ ಹೇಳಿದರು:

“ಎರಡು ತಾಸು ಕಮ್ಮಿ ಬೀಳ್ತಾವ್ರೀ ನಿಮಗೆ. ಇದೊಂದು ತಗಂಬಿಡ್ರಿ. ಪುಸ್ತಕ ಓದಿ ಹೇಳೋದು, ಅದ್ರಾಗೇನೈತಿ.”

ನನಗೆ ಆಗ ಐವತ್ತೆರಡು. ಬೆಳಿಗ್ಗೆ ಎದ್ದರೆ ರಕ್ತದೊತ್ತಡದ ಮಾತ್ರೆ, ಮಲಗುವಾಗ ಗ್ಯಾಸಿನ ಮಾತ್ರೆ. ಮೆಟ್ಟಿಲು ಹತ್ತಿ ಹೋಗಿ ಹಾಜರಿ ಕರೆಯುವಾಗ ಮೊದಲ ಹತ್ತು ಹೆಸರುಗಳು ನನ್ನ ಬಾಯಿಂದ ಅರ್ಧರ್ಧ ಬರುತ್ತವೆ, ಉಳಿದರ್ಧ ಏದುಸಿರು. ಮನೆ ಸೊರಬದಲ್ಲಿ, ಕಾಲೇಜು ಶಿಕಾರಿಪುರದಲ್ಲಿ, ನಡುವೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಇಪ್ಪತ್ತು ವರ್ಷದಿಂದ ನನ್ನ ವ್ಯಾಯಾಮವೆಂದರೆ ಆ ಬಸ್ಸಿಗಾಗಿ ಓಡುವುದು. ಅದೂ ಈಚೆಗೆ ಕಂಡಕ್ಟರುಗಳಿಗೆ ನನ್ನ ಪರಿಚಯವಾಗಿ, ಅವರೇ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಾರೆ.

ಹೆಂಡತಿ ಸೊರಬದಲ್ಲೇ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾನು ವಿಷಯ ಹೇಳಿದಾಗ ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. “ಎಂತ ಮಾರಾಯ್ರೆ, ಮಕ್ಕಳಿಗೆ ಎಂತ ತೋರಿಸ್ತೀರಿ ನೀವು? ಹಿಂಗೆ ಇರಬೇಡಿ ಅಂತಲಾ?” ಎಂದಳು. ನಾನು ಎದ್ದು ಹೋದೆ. ದೊಡ್ಡ ಕೆಲಸಕ್ಕೆ ಕೈ ಹಾಕುವವರನ್ನು ನೋಡಿ ಮನೆಯವರು ಮೊದಲು ನಗುವುದು ಸಹಜ ಎಂದು ಸಮಾಧಾನ ಮಾಡಿಕೊಂಡೆ.

ನಾನು ಹುಮ್ಮಸ್ಸಿನ ಮನುಷ್ಯ. ಹೊಸದನ್ನು ಶುರುಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಮುಗಿಸುವ ವಿಷಯ ಬೇರೆ. ಬಿಳಿ ಬೂಟು ತಂದೆ. ಒಂದು ಲೀಟರಿನ ಸ್ಟೀಲ್ ಬಾಟಲಿ ತಂದು, ಪಾಠದ ನಡುನಡುವೆ ಎಲ್ಲರಿಗೂ ಕಾಣುವಂತೆ ಎತ್ತಿ ಕುಡಿಯುತ್ತಿದ್ದೆ. ಪಠ್ಯದಲ್ಲಿ ಉಸಿರಾಟ, ನಿದ್ದೆ, ಊಟ, ನೀರು, ಕೋಪ ಎಂದು ಐದು ಭಾಗ. ಎಲ್ಲವೂ ಕೈಯಾರೆ ಮಾಡಿ ಕಲಿಯಬೇಕಾದವು, ಬರೀ ನೋಟ್ಸು ಕೊಡುವಂತಿಲ್ಲ ಎಂದು ಸುತ್ತೋಲೆಯಲ್ಲಿ ಬರೆದಿತ್ತು. ಆದ್ದರಿಂದ ಕೈಯಾರೆ ಮಾಡಲು ಹೊರಟೆ.

ಯೋಗನಿದ್ರೆಯ ಪಾಠ ಬುಧವಾರ ಊಟದ ನಂತರದ ತಾಸಿಗೆ ಬಂತು. ಹುಡುಗಿಯರು ಕುರ್ಚಿಯಲ್ಲೇ ಕೂತು ಕಣ್ಣು ಮುಚ್ಚಿದರೆ ಸಾಕೆಂದು ಹೇಳಿ, ಹುಡುಗರನ್ನು ಜಮಖಾನದ ಮೇಲೆ ಮಲಗಿಸಿ, ನಾನೂ ಮುಂದೆ ಅಂಗಾತ ಮಲಗಿ ತೋರಿಸಿದೆ. ಬಲಗಾಲಿನ ಹೆಬ್ಬೆರಳನ್ನು ಗಮನಿಸಿ ಎಂದೆ. ಎಡಗಾಲಿನ ಹೆಬ್ಬೆರಳಿನ ಬಗ್ಗೆ ಏನು ಹೇಳಿದೆನೋ ನನಗೆ ನೆನಪಿಲ್ಲ. ಎದ್ದಾಗ ಹಾಲ್ ಖಾಲಿಯಾಗಿತ್ತು, ಫ್ಯಾನ್ ತಿರುಗುತ್ತಿತ್ತು. ತಲೆಯ ಹತ್ತಿರ ಹಾಜರಿ ಪುಸ್ತಕವನ್ನು ನೀಟಾಗಿ ಇಟ್ಟಿದ್ದರು. ಯಾರೋ ಪುಣ್ಯಾತ್ಮರು ಎಲ್ಲರ ಹಾಜರಿಯನ್ನೂ ತುಂಬಿದ್ದರು, ಆವತ್ತು ಬಾರದೇ ಇದ್ದವರದ್ದೂ ಸೇರಿಸಿ.

ಕೋಪದ ಪಾಠ ಇನ್ನೂ ಚೆನ್ನಾಗಿ ನಡೆಯಿತು. ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಬೇಕು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಮೊಬೈಲು ಹಾಡತೊಡಗಿತು. ನಾನು ಮೂರರವರೆಗೂ ಎಣಿಸಲಿಲ್ಲ. ಡಸ್ಟರ್ ಎಸೆದೆ, ಹಿಂದಿನ ಸಾಲಿನವರನ್ನೆಲ್ಲ ಎಬ್ಬಿಸಿ ನಿಲ್ಲಿಸಿದೆ, ಅವರ ತಂದೆತಾಯಿಯ ಬೆವರನ್ನು ನೆನಪಿಸಿದೆ. ಮೊಬೈಲು ಹಾಡುತ್ತಲೇ ಇತ್ತು. ಕೊನೆಗೆ ಒಬ್ಬ ಹುಡುಗ ತಗ್ಗಿದ ದನಿಯಲ್ಲಿ, ಅದು ನಿಮ್ಮ ಚೀಲ ಸರ್ ಎಂದ. ಬರುವಾಗ ಮುಂದೆ ಜಾಗವಿಲ್ಲದೆ ಚೀಲವನ್ನು ನಾನೇ ಅಲ್ಲಿ ಇಟ್ಟಿದ್ದೆ.

ಊಟದ ಪಾಠದ್ದು ಶಿರಾಳಕೊಪ್ಪದಲ್ಲಿ ನಡೆದ ಕಥೆ. ಕರಿದದ್ದು ದೇಹಕ್ಕೆ ಶತ್ರು ಎಂದು ಬೆಳಿಗ್ಗೆ ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಬಂದಿದ್ದೆ. ಸಂಜೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮಂಡಕ್ಕಿ ಮೆಣಸಿನಕಾಯಿ ಗಾಡಿಯ ಮರೆಯಲ್ಲಿ ನಿಂತು, ಆ ಶತ್ರುವನ್ನು ಒಂದೊಂದಾಗಿ ಮುಗಿಸುತ್ತಿದ್ದೆ. ನಮಸ್ಕಾರ ಸರ್ ಎಂದಿತು ಒಂದು ದನಿ. ನಮ್ಮ ಕ್ಲಾಸಿನವನೇ. ಬಿಸಿ ಮೆಣಸಿನಕಾಯಿಯನ್ನು ಜೇಬಿಗೆ ಇಳಿಸಿ ನಮಸ್ಕಾರ ಮಾಡಿದೆ. ತೊಡೆ ಸುಟ್ಟಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಹೇಳಿದ್ದಾರೆ. ಬದನೆಕಾಯಿಯನ್ನು ಜೇಬಿನಲ್ಲಿ ಇಟ್ಟುಕೊಂಡವರ ಬಗ್ಗೆ ಅವರು ಏನೂ ಹೇಳಿಲ್ಲ.

ಉಸಿರಾಟದ ಪಾಠ ಹೇಗೋ ಮುಗಿದಿತ್ತು, ಉಳಿದದ್ದು ನೀರು. ಇದೊಂದರಲ್ಲಿ ನಾನು ಗಟ್ಟಿ ಎಂದುಕೊಂಡಿದ್ದೆ. ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು. ಇದಕ್ಕೆ ಮಲಗಬೇಕಾಗಿಲ್ಲ, ಸಿಟ್ಟು ನುಂಗಬೇಕಾಗಿಲ್ಲ, ನಾಲಿಗೆ ಕಟ್ಟಬೇಕಾಗಿಲ್ಲ. ಲೋಟ ಎತ್ತಿದರಾಯಿತು. ಹೀಗೆಂದು ಕ್ಲಾಸಿನಲ್ಲಿ ಹೇಳಿ, ಎಲ್ಲರೂ ಒಂದು ದಿನಚರಿ ಪುಸ್ತಕ ಇಡಬೇಕೆಂದು ಗೊತ್ತುಮಾಡಿದೆ. ಎಷ್ಟು ತಾಸು ನಿದ್ದೆ, ಬೆಳಿಗ್ಗೆ ಏನು ತಿಂಡಿ, ಎಷ್ಟು ಲೋಟ ನೀರು. ಹತ್ತು ಅಂಕ ಅದಕ್ಕೇ. ಅಂಕ ಎಂದ ಕೂಡಲೆ ಐವತ್ತೊಂದು ಜನರೂ ಬೆನ್ನು ನೆಟ್ಟಗೆ ಮಾಡಿ ಕೂತರು.

ವಾರದ ನಂತರ ಪುಸ್ತಕಗಳು ಬಂದವು. ನನ್ನ ಪಾಠದ ಫಲ ನೋಡಿ ನನಗೇ ಆಶ್ಚರ್ಯವಾಯಿತು. ಇಡೀ ಕ್ಲಾಸು ರಾತ್ರಿ ಎಂಟು ತಾಸು ಮಲಗಿ, ಬೆಳಿಗ್ಗೆ ಮೊಳಕೆ ಕಾಳು ತಿಂದು, ಎಂಟು ಲೋಟ ನೀರು ಕುಡಿಯುತ್ತಿತ್ತು. ಒಬ್ಬನಂತೂ ಭಾನುವಾರ ಒಂಬತ್ತು ಕುಡಿದಿದ್ದ. ಐವತ್ತು ಜನರಿಗೆ ಎಂಟು, ಒಂಬತ್ತು ಅಂಕ ಕೊಟ್ಟೆ. ಒಬ್ಬಳ ಪುಸ್ತಕ ಮಾತ್ರ ಬೇರೆ ಥರ ಇತ್ತು.

ತೊಗರ್ಸಿ ಕಡೆಯ ಒಂದು ಹಳ್ಳಿಯಿಂದ ಬರುವ ಹುಡುಗಿ. ಮುಂದಿನ ಸಾಲಿನಲ್ಲಿ ಗೋಡೆಯ ಪಕ್ಕ ಕೂರುವವಳು, ಮಾತು ಕಡಿಮೆ, ಅಕ್ಷರ ದುಂಡು. ಅವಳು ಬರೆದಿದ್ದಳು: ನಿದ್ದೆ ಆರು ತಾಸು. ತಿಂಡಿ ಒಂದು ರೊಟ್ಟಿ, ಬಸ್ಸಿನಲ್ಲಿ. ನೀರು ಬೆಳಿಗ್ಗೆ ಅರ್ಧ ಲೋಟ, ಸಂಜೆ ಮನೆಗೆ ಬಂದ ಮೇಲೆ ನಾಲ್ಕು ಲೋಟ. ಆರು ದಿನವೂ ಇದೇ. ಭಾನುವಾರ ಮಾತ್ರ ಏಳು ಲೋಟ.

ನನಗೆ ಬೇಸರವಾಯಿತು. ಇಷ್ಟು ಹೇಳಿಯೂ ಒಬ್ಬಳು ಹೀಗೆ ಮಾಡಿದರೆ ನನ್ನ ಪಾಠಕ್ಕೆ ಏನು ಮರ್ಯಾದೆ? ಮೂರು ಅಂಕ ಕೊಟ್ಟು, ಕೆಂಪು ಶಾಯಿಯಲ್ಲಿ ‘ನೀರು ಕುಡಿಯಲು ಏನು ಕಷ್ಟ? ಬೇಜವಾಬ್ದಾರಿ ಒಳ್ಳೆಯದಲ್ಲ’ ಎಂದು ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ಹೆಸರು ಹೇಳದೆ ಕ್ಲಾಸಿನಲ್ಲಿ ಓದಿಯೂ ತೋರಿಸಿದೆ. ಹುಡುಗರು ನಕ್ಕರು. ಹುಡುಗಿಯರು ಯಾರೂ ನಗಲಿಲ್ಲ. ಅದನ್ನು ನಾನು ಗಮನಿಸಿದೆ, ಹೆಣ್ಣುಮಕ್ಕಳಲ್ಲಿ ಶಿಸ್ತು ಜಾಸ್ತಿ ಎಂದುಕೊಂಡೆ.

ಇಲ್ಲಿ ನನ್ನ ಇನ್ನೊಂದು ಹುದ್ದೆಯ ಬಗ್ಗೆ ಹೇಳಬೇಕು. ಕಾಲೇಜಿನ ಮೌಲ್ಯಮಾಪನಕ್ಕೆ ಹೊರಗಿನಿಂದ ಒಂದು ಕಮಿಟಿ ಬರುವುದಿತ್ತು. ಅದಕ್ಕಾಗಿ ನಾವು ಒಬ್ಬೊಬ್ಬರೂ ಒಂದೊಂದು ಸಮಿತಿಯ ಸಂಚಾಲಕರಾಗಿದ್ದೆವು, ನನ್ನದು ಸ್ವಚ್ಛತಾ ಸಮಿತಿ. ಲೈಬ್ರರಿಯ ಹಿಂದೆ ಹೆಣ್ಣುಮಕ್ಕಳಿಗೆಂದು ಹೊಸ ಶೌಚಾಲಯ ಕಟ್ಟಿಸಿದ್ದರು. ತಿಳಿಗುಲಾಬಿ ಟೈಲ್ಸು, ಹೊಳೆಯುವ ನಲ್ಲಿಗಳು. ಕೆಲಸ ತೃಪ್ತಿಕರ ಎಂಬ ಕಾಗದಕ್ಕೆ ಸಂಚಾಲಕನಾಗಿ ನಾನೇ ಸಹಿ ಹಾಕಿದ್ದೆ, ಬಾಗಿಲಲ್ಲಿ ನಿಂತು ನೋಡಿ.

ಒಳ್ಳೆಯದನ್ನು ಬಂದವರಿಗೆ ಎಂದು ತೆಗೆದಿಡುವುದು ನಮ್ಮ ಕಡೆಯ ರೂಢಿ. ನಮ್ಮ ಮನೆಯ ಶೋಕೇಸಿನಲ್ಲಿ ಮದುವೆಗೆ ಬಂದ ಆರು ಪಿಂಗಾಣಿ ಕಪ್ಪುಗಳಿವೆ. ಇಪ್ಪತ್ನಾಲ್ಕು ವರ್ಷದಲ್ಲಿ ಅವುಗಳಲ್ಲಿ ಕಾಫಿ ಕುಡಿಯುವಷ್ಟು ದೊಡ್ಡ ಮನುಷ್ಯರು ಯಾರೂ ನಮ್ಮ ಮನೆಗೆ ಬಂದಿಲ್ಲ. ಅದೇ ಬುದ್ಧಿಯನ್ನು ಕಾಲೇಜಿಗೂ ತಂದೆ. ಕಮಿಟಿ ಬಂದು ನೋಡುವ ತನಕ ಟೈಲ್ಸು ಕೊಳೆಯಾಗಬಾರದು, ಬೀಗ ಹಾಕೋಣ ಎಂದು ಸಭೆಯಲ್ಲಿ ಸೂಚಿಸಿದವನು ನಾನು. ಎಲ್ಲರೂ ತಲೆದೂಗಿದರು. ಬೀಗದ ಕೈಗೆ ಗುರುತಿಗಾಗಿ ಕೆಂಪು ದಾರ ಕಟ್ಟಿ ನನ್ನ ಗೊಂಚಲಿಗೆ ಸೇರಿಸಿಕೊಂಡೆ. ಕಮಿಟಿ ಬರುವ ದಿನ ಮೂರು ಸಲ ಮುಂದಕ್ಕೆ ಹೋಯಿತು, ಒಂದು ವರ್ಷವೇ ಆಯಿತು. ಜೇಬಿನಲ್ಲಿ ಇದ್ದೂ ಇದ್ದೂ ಅದರ ನೆನಪೇ ನನಗೆ ಹೋಯಿತು. ಹಳೆಯ ಶೌಚಾಲಯ ಸೈಕಲ್ ಸ್ಟ್ಯಾಂಡಿನ ಪಕ್ಕ ಇತ್ತಲ್ಲ, ಹೇಗೋ ನಡೆಯುತ್ತದೆ ಎಂದು ನಮ್ಮ ಲೆಕ್ಕ. ಹೇಗೆ ನಡೆಯುತ್ತದೆ ಎಂದು ಹೋಗಿ ನೋಡಿದವರಿಲ್ಲ. ಮೇಷ್ಟ್ರುಗಳಿಗೆ ಬೇರೆಯದೇ ಇತ್ತು.

ದಿನಚರಿಯ ಸುದ್ದಿ ಪ್ರಾಂಶುಪಾಲರಿಗೆ ಬಹಳ ಹಿಡಿಸಿತು. ಕಮಿಟಿಯ ಮುಂದೆ ಜೋಡಿಸಿಡೋಣ, ತಿಂಗಳಿಗೊಮ್ಮೆ ನೋಡಿ ಸಹಿ ಹಾಕುತ್ತಿರಿ ಎಂದರು. ಐವತ್ತೊಂದು ಪುಸ್ತಕವನ್ನೂ ಚೀಲಕ್ಕೆ ತುಂಬಿಕೊಂಡು ಸಂಜೆ ಬಸ್ಸು ಹತ್ತುತ್ತಿದ್ದೆ. ಶಿಕಾರಿಪುರ ಬಿಟ್ಟಾಗ ಶುರುಮಾಡಿದರೆ ಶಿರಾಳಕೊಪ್ಪ ಬರುವಷ್ಟರಲ್ಲಿ ಐವತ್ತೊಂದೂ ಮುಗಿಯುತ್ತಿತ್ತು. ಪುಟ ತಿರುಗಿಸು, ಗೀಟು ಎಳೆ, ಉತ್ತಮ ಎಂದು ಬರೆ, ಸಹಿ ಹಾಕು. ಓದಲು ಏನಿದೆ? ಎಲ್ಲರದ್ದೂ ಎಂಟು ಲೋಟ.

ಸೆಮಿಸ್ಟರ್ ಮುಗಿಯಲು ಐದಾರು ವಾರ ಇದ್ದಾಗ ಹಾಜರಿ ಕಮ್ಮಿ ಇರುವವರ ಪಟ್ಟಿ ಬಂತು. ಅದರಲ್ಲಿ ತೊಗರ್ಸಿ ಕಡೆಯ ಆ ಹುಡುಗಿಯ ಹೆಸರಿತ್ತು. ಎರಡು ವಾರದಿಂದ ಬಂದೇ ಇರಲಿಲ್ಲ. ಇನ್ನು ನಾಲ್ಕೈದು ದಿನ ತಪ್ಪಿಸಿದರೆ ಪರೀಕ್ಷೆಗೆ ಕೂರುವಂತಿಲ್ಲ. ಮೊದಲೇ ಬೇಜವಾಬ್ದಾರಿ ಎಂದು ನಾನು ಗುರುತು ಹಾಕಿದ್ದ ಹುಡುಗಿ. ಭಾನುವಾರ ಬೆಳಿಗ್ಗೆ ತಿಂಡಿ ತಿಂದು, ಎರಡು ಬುದ್ಧಿಮಾತು ಹೇಳೋಣವೆಂದು ಮನೆಯಿಂದಲೇ ಫೋನ್ ಮಾಡಿದೆ. ನನಗೆ ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಎದುರಿಗೆ ಹೆಂಡತಿ ನನ್ನ ದಿನಚರಿ ಪುಸ್ತಕಗಳ ಅಂಕ ಕೂಡಿಸುತ್ತಾ ಕೂತಿದ್ದಳು. ಅಂಕ ಕೂಡಿಸುವುದನ್ನು ನಾನು ಅವಳಿಗೆ ವಹಿಸಿಬಿಟ್ಟಿದ್ದೆ.

ಫೋನ್ ಎತ್ತಿದ್ದು ಹುಡುಗಿಯ ತಾಯಿ. ನಾನು ಹಾಜರಿಯ ಮಹತ್ವ ಹೇಳಲು ಶುರುಮಾಡಿದೆ. ಆಯಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಗಳು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳೆಂದು ಹೇಳಿದರು. ಮೂತ್ರದ ಸೋಂಕು, ಚಳಿಜ್ವರ, ಇನ್ನೊಂದೆರಡು ದಿನ ಬಿಟ್ಟಿದ್ದರೆ ಕಿಡ್ನಿಗೆ ತೊಂದರೆಯಾಗುತ್ತಿತ್ತು ಎಂದು ಡಾಕ್ಟರು ಅಂದರಂತೆ. ಈಗ ಪರವಾಗಿಲ್ಲವಂತೆ. ಹಾಗಾದರೆ ನಾಳೆಯಿಂದಲೇ ಕಳಿಸಿ ಎಂದೆ.

“ಇಲ್ರಿ ಸರ್, ಇನ್ನ ಕಾಲೇಜು ಬ್ಯಾಡ ಅಂತ ಮಾಡೇವಿ. ದಿನಾ ನೀರು ಜಾಸ್ತಿ ಕುಡೀಬೇಕು ಅಂದಾರ್ರಿ ಡಾಕ್ಟ್ರು. ಕಾಲೇಜಿಗೆ ಬಂದ್ರ ಕುಡಿಯಾಕ ಆಗಲ್ಲ ಅಂತಾಳ ಹುಡುಗಿ.”

ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಫಿಲ್ಟರ್ ನೀರಿದೆ, ತಣ್ಣಗಿನ ನೀರೂ ಇದೆ, ಎಷ್ಟು ಬೇಕಾದರೂ ಕುಡಿಯಬಹುದು ಎಂದು ಹೆಮ್ಮೆಯಿಂದಲೇ ಹೇಳಿದೆ.

“ಕುಡುದ ಮ್ಯಾಲೆ ಎಲ್ಲಿಗ್ಹೋಗಬೇಕ್ರಿ ಸರ್?” ಎಂದರು ಆಯಮ್ಮ.

ನಾನು ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಸಿಗ್ನಲ್ ಚೆನ್ನಾಗಿಯೇ ಇತ್ತು.

ಹೆಂಡತಿ ಪುಸ್ತಕಗಳ ರಾಶಿಯಲ್ಲಿ ಹುಡುಕಿ, ಹಿಂದಿನ ಸಲ ಕೊಟ್ಟು ವಾಪಸು ಒಯ್ಯದೆ ಉಳಿದಿದ್ದ ಆ ಹುಡುಗಿಯ ದಿನಚರಿ ತೆಗೆದಳು. ಪುಟ ತಿರುಗಿಸುತ್ತಾ ಹೋಗಿ ಒಂದು ಕಡೆ ನಿಂತಳು. ನನ್ನ ಕೆಂಪು ಶಾಯಿಯ ಪ್ರಶ್ನೆಯ ಕೆಳಗೆ ಹುಡುಗಿ ಉತ್ತರ ಬರೆದಿದ್ದಳು. ಪ್ರಶ್ನೆ ಕೇಳಿದರೆ ಉತ್ತರ ಬರೆಯಬೇಕು ಎಂದು ತಿಳಿದ ಹುಡುಗಿ. ಹೆಂಡತಿ ಅದನ್ನು ಶಾಲೆಯಲ್ಲಿ ಓದುವ ಹಾಗೆ ಬಿಡಿಸಿ ಬಿಡಿಸಿ ಓದಿದಳು:

“ಸರ್, ನಾನು ಏಳು ಗಂಟೆಗೆ ಮನೆ ಬಿಡುತ್ತೇನೆ. ಸಂಜೆ ಆರಕ್ಕೆ ಮುಟ್ಟುತ್ತೇನೆ. ಹಳೆಯ ಶೌಚಾಲಯದ ಬಾಗಿಲು ಕೆಳಗೆ ಅರ್ಧ ಮುರಿದಿದೆ, ಎದುರಿಗೆ ಹುಡುಗರು ಸೈಕಲ್ ನಿಲ್ಲಿಸುತ್ತಾರೆ. ಹೊಸದಕ್ಕೆ ಬೀಗ ಇದೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಯಾರಿಗೂ ಗೊತ್ತಿಲ್ಲ. ನೀರು ಕುಡಿಯದೆ ಇರುವುದೇ ಸುಲಭ. ಉಳಿದ ಹುಡುಗಿಯರೂ ಕುಡಿಯುವುದಿಲ್ಲ, ಎಂಟು ಎಂದು ಬರೆಯುತ್ತಾರೆ. ಸುಳ್ಳು ಬರೆಯಲು ನನಗೆ ಆಗಲಿಲ್ಲ. ಕ್ಷಮಿಸಿ.”

ಅದರ ಕೆಳಗೆ ಉದ್ದಕ್ಕೊಂದು ಗೀಟು ಇತ್ತು. ಪಕ್ಕದಲ್ಲಿ ‘ಉತ್ತಮ’ ಎಂದಿತ್ತು. ಅದರ ಕೆಳಗೆ ನನ್ನ ಸಹಿ, ತಾರೀಕು ಸಮೇತ. ಎರಡು ತಿಂಗಳ ಹಿಂದಿನದು.

ಪ್ಯಾಂಟು ಒಗೆಯಲು ಹಾಕುವಾಗ ತೆಗೆದಿಟ್ಟ ನನ್ನ ಬೀಗದ ಕೈ ಗೊಂಚಲು ಮೇಜಿನ ಮೇಲೆಯೇ ಬಿದ್ದಿತ್ತು. ಮನೆಯದು, ಬೈಕಿನದು, ಕಾಲೇಜಿನ ಅಲಮಾರಿನದು, ಮತ್ತೆ ಕೆಂಪು ದಾರದ್ದು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಗಾದೆ ಅವಳ ಬಾಯಲ್ಲಿ ಸದಾ ಇರುವಂಥದ್ದು. ಆವತ್ತು ಅದನ್ನು ಹೇಳಲಿಲ್ಲ. ಹುಡುಕಿದ್ದರೆ ತಾನೇ ಆ ಗಾದೆ? ನಾನು ಹುಡುಕಿಯೂ ಇರಲಿಲ್ಲ.

“ನಾನು ಶಾಲೆಯಲ್ಲಿ ಎಷ್ಟು ನೀರು ಕುಡೀತೀನಿ ಗೊತ್ತನ್ರೀ ನಿಮಗೆ?” ಎಂದಳು.

ಗೊತ್ತಿರಲಿಲ್ಲ. ಇಪ್ಪತ್ನಾಲ್ಕು ವರ್ಷದಿಂದ ಅವಳು ಶಾಲೆಯಿಂದ ಬಂದವಳೇ ಚಪ್ಪಲಿ ಬಿಟ್ಟು ಬಚ್ಚಲಿಗೆ ಹೋಗಿ, ಬಂದು, ಅಡಿಗೆಮನೆಯಲ್ಲಿ ನಿಂತೇ ಮೂರು ಲೋಟ ನೀರು ಕುಡಿಯುವುದನ್ನು ನೋಡಿದ್ದೇನೆ. ನಡೆದು ಬಂದ ದಣಿವು ಎಂದುಕೊಂಡಿದ್ದೆ. ಒಂದೆರಡು ಸಲ, ನಿಂತು ನೀರು ಕುಡಿಯಬಾರದು, ಕೂತು ಕುಡಿಯಬೇಕು ಎಂದು ಪಠ್ಯದಲ್ಲಿದ್ದದ್ದನ್ನು ಅವಳಿಗೂ ಹೇಳಿದ್ದೆ. ಆ ಭಾನುವಾರ ನನಗಾದ ನಾಚಿಕೆ ಸಣ್ಣದಲ್ಲ. ಅವಳ ಮುಖ ನೋಡಲಾಗದೆ, ಮಾಡಲು ಬೇರೆ ಕೆಲಸವೂ ತೋಚದೆ, ಅಂಗಳಕ್ಕೆ ಹೋಗಿ ಒಗೆದ ಬಟ್ಟೆ ಹರವಿದೆ.

ಸೋಮವಾರ ಬಸ್ಸಿನಲ್ಲಿ ಭಾಷಣ ತಯಾರು ಮಾಡಿಕೊಂಡು ಹೋದೆ. ಪ್ರಾಂಶುಪಾಲರ ಕೋಣೆಯ ಹೊರಗೆ ನಿಂತು, ನಾನೇ ಕಲಿಸಿದ ಹಾಗೆ ಐದು ಸಲ ಉಸಿರು ಎಳೆದು ಬಿಟ್ಟು, ಒಳಗೆ ಹೋಗಿ ವಿಷಯ ಹೇಳಿದೆ. ಕೇಳಿ ಅವರಿಗೂ ಪಾಪ ಅನ್ನಿಸಿತು. ಆದರೆ ಕಮಿಟಿ ಬರುವುದು ಈ ಸಲ ಖಾತ್ರಿ, ಮುಂದಿನ ವಾರವೇ ಇದೆ, ಒಂದು ವರ್ಷ ಕಾಪಾಡಿಕೊಂಡು ಬಂದದ್ದನ್ನು ಈಗ ಕೆಡಿಸುವುದು ಹೇಗೆ ಎಂದರು.

“ಹತ್ತು ದಿನ ತಡಕಳ್ಳಿ ಅನ್ರಿ. ಕಮಿಟಿ ಬಂದು ಹೋಗ್ಲಿ, ಆಮ್ಯಾಲೆ ತೆಗುದ್ರಾತು.”

ಹೆಣ್ಣುಮಕ್ಕಳು ಒಂದು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ ಸರ್ ಎಂದು ನಾನು ಹೇಳಬೇಕಿತ್ತು. ಬಸ್ಸಿನಲ್ಲಿ ಆ ವಾಕ್ಯ ಅಭ್ಯಾಸ ಮಾಡಿದ್ದೆ ಕೂಡ. ಬಾಯಿಂದ ಬಂದದ್ದು “ಆಯ್ತು ಸರ್” ಎಂದು.

ಹೊರಗೆ ಬಂದು ಫಿಲ್ಟರಿನ ಹತ್ತಿರ ನಿಂತೆ, ಬಾಟಲಿ ತುಂಬಿಸಿಕೊಳ್ಳಲು. ನನ್ನ ಮುಂದೆ ಒಬ್ಬ ಹುಡುಗಿ ಇದ್ದಳು, ಯಾವ ಕ್ಲಾಸಿನವಳೋ ಗೊತ್ತಿಲ್ಲ. ಬಾಟಲಿಯ ಮುಚ್ಚಳ ತೆಗೆದು, ಆ ಮುಚ್ಚಳದ ತುಂಬ ನೀರು ಹಿಡಿದು, ಗಂಟಲಿಗೆ ಹಾಕಿಕೊಂಡು, ಮುಚ್ಚಳ ತಿರುಗಿಸಿ ಹೋದಳು. ನಾನು ಒಂದು ಲೀಟರು ತುಂಬಿಸಿಕೊಂಡೆ. ದಿನಾ ಈ ಫಿಲ್ಟರಿನ ಮುಂದೆ ಹಾಯ್ದು ಹೋಗುವವನು ನಾನು. ಮುಚ್ಚಳದಲ್ಲಿ ನೀರು ಕುಡಿಯುವುದನ್ನು ಆವತ್ತೇ ಮೊದಲು ಕಂಡದ್ದು.

ಬೆಕ್ಕಿಗೆ ಗಂಟೆ ಕಟ್ಟುವಷ್ಟು ಧೈರ್ಯ ನನಗಿಲ್ಲ. ಆದರೆ ಯೋಚನೆ ಮಾಡಿದರೆ ಇದಕ್ಕೆ ಧೈರ್ಯವೇ ಬೇಕಿರಲಿಲ್ಲ, ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಲೈಬ್ರರಿಯ ಹಿಂದಕ್ಕೆ ಹೋದೆ. ಬೀಗ ತುಕ್ಕು ಹಿಡಿದು ತಿರುಗಲಿಲ್ಲ. ನಮ್ಮ ಕಾಲೇಜಿನ ಕಸ ಗುಡಿಸುವ ಅಕ್ಕ ಕೊಬ್ಬರಿ ಎಣ್ಣೆ ತಂದುಕೊಟ್ಟು, ಅವಸರ ಮಾಡಬೇಡಿ ಎಂದಳು. ಬಾಗಿಲು ತೆರೆದರೆ ಒಳಗೆ ಜೇಡರ ಬಲೆ, ಮೂಲೆಯಲ್ಲಿ ಎರಡು ಸಿಮೆಂಟ್ ಚೀಲ, ನಲ್ಲಿಗಳಿಗೆ ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಪೊರಕೆ ಹಿಡಿದು ನಾನೂ ಸೇರಿಕೊಂಡೆ. ಹತ್ತು ನಿಮಿಷಕ್ಕೆ ಸೊಂಟ ಹಿಡಿಯಿತು. ಆ ಅಕ್ಕ ನನ್ನ ಕೈಯಿಂದ ಪೊರಕೆ ತೆಗೆದುಕೊಂಡು, ನೀವು ಹೋಗಿ ಪಾಠ ಮಾಡ್ರಿ ಎಂದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಹೊಳೆಯುತ್ತಿತ್ತು, ನೀರೂ ಬರುತ್ತಿತ್ತು. ಎಲ್ಲ ಕ್ಲಾಸಿಗೂ ಹೋಗಿ ಹೇಳಿಬಂದೆ. ತೊಗರ್ಸಿ ಕಡೆಗೂ ಫೋನ್ ಮಾಡಿ, ಬೀಗದ ಕೈ ನನ್ನ ಹತ್ತಿರವೇ ಇತ್ತು ಎಂಬುದನ್ನೂ ಸ್ಪೀಕರ್ ಹಾಕದೆ ಹೇಳಿದೆ. ಆಯಮ್ಮ ಮಗಳನ್ನು ಕೇಳಿ ನೋಡುತ್ತೇನೆ ಎಂದರು.

ಮಂಗಳವಾರ ಯಾರೂ ಆ ಕಡೆ ಹೋಗಲಿಲ್ಲ. ನಾನು ಲೈಬ್ರರಿಯಲ್ಲಿ ಪೇಪರ್ ಹಿಡಿದು ಕೂತು, ಅದು ಸಭ್ಯವಲ್ಲ ಎಂದು ಹೊಳೆದು ಎದ್ದುಬಂದೆ. ಬುಧವಾರವೂ ಅಷ್ಟೇ, ಹೋದ ಇಬ್ಬರು ಮೂವರು ಇಣುಕಿ ನೋಡಿ ವಾಪಸು ಬಂದರಂತೆ. ನನಗೆ ಸಿಟ್ಟು ಬಂತು. ಪ್ರಾಂಶುಪಾಲರ ಮಾತು ಮೀರಿ, ಸೊಂಟ ಮುರಿದುಕೊಂಡು ಇಷ್ಟು ಮಾಡಿದರೆ ಈ ಕಾಲದ ಮಕ್ಕಳಿಗೆ ಕೃತಜ್ಞತೆ ಎನ್ನುವುದೇ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಅದನ್ನು ಯಾರೋ ಪ್ರಾಂಶುಪಾಲರಿಗೆ ಮುಟ್ಟಿಸಿದರು. ಕೇಳದೇ ತೆಗೆದಿರಂತೆ ಎಂದು ಅವರು ಮುಖ ಗಂಟು ಹಾಕಿಕೊಂಡರು. ಎರಡೂ ಕಡೆ ಸಲ್ಲದವನಾದೆ.

ಗುರುವಾರ ಆ ಹುಡುಗಿ ಬಂದಳು. ಸೊರಗಿದ್ದಳು, ದುಪ್ಪಟ್ಟಾವನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡಿದ್ದಳು. ಮೊದಲು ಲೈಬ್ರರಿಯ ಹಿಂದೆ ಹೋಗಿ ನೋಡಿ, ಆಮೇಲೆ ನೇರ ನನ್ನ ಹತ್ತಿರ ಬಂದಳು. ಕ್ಷಮೆ ಕೇಳಬೇಕೆಂದು ನಾನು ಎದ್ದು ನಿಂತೆ. ಅವಳು ಅದಕ್ಕೆ ಬಂದವಳಾಗಿರಲಿಲ್ಲ.

“ಸರ್, ಹೊರಗ ಬೀಗ ಹಾಕಾಕ ಕೊಂಡಿ ಐತ್ರಿ. ಒಳಗ ಚಿಲಕಾನೇ ಇಲ್ಲ,” ಎಂದಳು.

ಹೋಗಿ ನೋಡಿದೆ. ಒಳಗಿನ ಮೂರು ಬಾಗಿಲಿಗೂ ಚಿಲಕ ಇರಲಿಲ್ಲ, ಹಾಕಲು ತೂತು ಕೂಡ ಕೊರೆದಿರಲಿಲ್ಲ. ಕೆಲಸ ತೃಪ್ತಿಕರ ಎಂದು ಸಹಿ ಹಾಕಿದವನು ಒಂದು ಸಲವಾದರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನೋಡಿರಲಿಲ್ಲ. ಒಂದು ವರ್ಷ ನಾವು ಅದನ್ನು ಹೊರಗಿನಿಂದ ಕಾಪಾಡಿದ್ದೆವು. ಒಳಗಿರುವವರನ್ನು ಕಾಪಾಡುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಆವತ್ತು ಸಂಜೆ ಶಿರಾಳಕೊಪ್ಪದಲ್ಲಿ ಮೆಣಸಿನಕಾಯಿ ಗಾಡಿಯನ್ನು ದಾಟಿ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಮೂರು ಚಿಲಕ, ಒಂದು ಪೊಟ್ಟಣ ಸ್ಕ್ರೂ ತೆಗೆದುಕೊಂಡೆ. ಬರುವಾಗ ಗಾಡಿಯನ್ನು ದಾಟಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಶುಕ್ರವಾರ ಒಬ್ಬ ಬಡಗಿಯನ್ನು ಕರೆತಂದು ಮೂರಕ್ಕೂ ಚಿಲಕ ಹಾಕಿಸಿದೆ. ಅವನು ಸ್ಕ್ರೂ ಬಿಗಿಯುವಾಗ ಬಾಗಿಲು ಹಿಡಿದುಕೊಂಡು ನಿಂತದ್ದು ನನ್ನ ಪಾಲಿನ ಕೆಲಸ. ಮೂರು ಬಾಗಿಲಿನ ಒಳಗೂ ಹೋಗಿ ಚಿಲಕ ಹಾಕಿ ತೆಗೆದು ನೋಡಿದೆ. ಮಧ್ಯಾಹ್ನ ಲೈಬ್ರರಿಯ ಹಿಂದೆ ಹುಡುಗಿಯರು ಸಾಲು ನಿಂತಿದ್ದರು. ನಾನು ದೂರದಿಂದ ಒಂದು ಸಲ ನೋಡಿ ಕ್ಲಾಸಿಗೆ ಹೋದೆ.

ಮುಂದಿನ ವಾರ ಕಮಿಟಿ ನಿಜಕ್ಕೂ ಬಂತು. ಗುಲಾಬಿ ಹೂ ತೆಗೆದುಕೊಂಡರು, ಟೀ ಕುಡಿದರು, ದಿನಚರಿಗಳನ್ನು ಮೇಲೆ ಮೇಲೆ ತಿರುವಿ, ಎಲ್ಲರೂ ಎಂಟು ಲೋಟ ಕುಡಿಯುತ್ತಾರಲ್ಲ ಎಂದು ಮೆಚ್ಚಿದರು. ಲೈಬ್ರರಿಯ ಮುಂಬಾಗಿಲವರೆಗೆ ಹೋಗಿ ಫೋಟೊ ತೆಗೆಸಿಕೊಂಡು ವಾಪಸು ಬಂದರು. ಅದರ ಹಿಂದೆ ಏನಿದೆ ಎಂದು ಯಾರೂ ಕೇಳಲಿಲ್ಲ.

ಹುಡುಗಿ ಪರೀಕ್ಷೆಗೆ ಕೂತಳು. ಆಸ್ಪತ್ರೆಯ ಚೀಟಿ ಕೊಟ್ಟಿದ್ದರಿಂದ ಹಾಜರಿಯನ್ನು ಸರಿದೂಗಿಸಿದರು, ಅದಕ್ಕೆ ಸಹಿ ಮಾಡುವಾಗ ಚೀಟಿಯನ್ನು ಪೂರ್ತಿ ಓದಿದೆ. ಸೆಮಿಸ್ಟರಿನ ಕೊನೆಯ ದಿನ ಮತ್ತೆ ಐವತ್ತೊಂದು ದಿನಚರಿಗಳು ಬಂದವು. ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಮೊದಲು ಅವಳದ್ದನ್ನೇ ಹುಡುಕಿ ತೆಗೆದೆ. ಕೊನೆಯ ಪುಟದಲ್ಲಿ ‘ನೀರು ಆರು ಲೋಟ, ಅದರಲ್ಲಿ ಕಾಲೇಜಿನಲ್ಲಿ ಮೂರು’ ಎಂದಿತ್ತು. ಅದರ ಕೆಳಗೆ, ಸಹಿಗೆ ಜಾಗ ಬಿಟ್ಟು, ಅದೇ ದುಂಡು ಅಕ್ಷರದಲ್ಲಿ ಒಂದು ಸಾಲು ಬರೆದಿದ್ದಳು: ‘ಓದಿ ಸಹಿ ಮಾಡಿ ಸರ್.’

ಪೆನ್ನು ಜೇಬಿಗೆ ಇಟ್ಟು ಮೊದಲ ಪುಟ ತೆಗೆದೆ. ಸೋಮವಾರ ಅರ್ಧ ಲೋಟ, ಮಂಗಳವಾರ ಅರ್ಧ ಲೋಟ ಎಂದು ಒಂದೊಂದೇ ಸಾಲು ಓದಿದೆ. ನನ್ನ ಕೆಂಪು ಶಾಯಿ ಓದಿದೆ, ಅವಳ ಉತ್ತರ ಓದಿದೆ, ನನ್ನ ‘ಉತ್ತಮ’ ಓದಿದೆ. ಮೂರನ್ನು ಹೊಡೆದು ಹತ್ತು ಮಾಡಿ, ಕೊನೆಯ ಪುಟದಲ್ಲಿ ಅವಳು ಬಿಟ್ಟ ಜಾಗದಲ್ಲಿ ಸಹಿ ಹಾಕುವಷ್ಟರಲ್ಲಿ ಶಿರಾಳಕೊಪ್ಪ ಬಂತು. ಇನ್ನೂ ಐವತ್ತು ಪುಸ್ತಕ ಚೀಲದಲ್ಲಿದ್ದವು.